ಕುಂಕುಮದ ಬೊಟ್ಟು, ಚೌಡಮ್ಮನ ತೆಪ್ಪ

ಬೆಳಕು ಹರಿಯುವ ಹೊತ್ತಿಗೆ ಗೋವಿನಕೋವಿಯ ಹೊಳೆದಂಡೆಯಲ್ಲಿ ಚೌಡಮ್ಮ ತೆಪ್ಪವನ್ನು ನೀರಿಗೆ ನೂಕುತ್ತಾರೆ. ಎರಡು ಹಾಲಿನ ಕ್ಯಾನು, ಒಂದು ಸೈಕಲ್ಲು, ಆರು ಜನ. ಹುಟ್ಟು ಹಾಕಿದಂತೆಲ್ಲ ತೆಪ್ಪ ಅತ್ತಿತ್ತ ಹೊರಳುತ್ತದೆ. ಅವರ ನೋಟ ಮಾತ್ರ ಆಚೆ ದಡದ ಬೇವಿನ ಮರದಿಂದ ಕದಲುವುದಿಲ್ಲ.

ಹೋದ ವರ್ಷ, 1983ರ ಬೇಸಿಗೆಯಲ್ಲಿ, ಅದೇ ಮರ ಕುಣಿಯುತ್ತಿತ್ತು. ಜ್ವರದ ಬೆನ್ನಿಗೇ ಎಡಗಿವಿಯೊಳಗೆ ಸಮತೋಲ ಕಾಯುವ ಭಾಗ ಸೊರಗಿತು. ತಲೆ ಹೊರಳಿಸಿದರೆ ಸಾಕು, ಕಂಡದ್ದೆಲ್ಲ ಜಾರುತ್ತಿತ್ತು. ಗಂಡ ತಿಪ್ಪೇಶಪ್ಪ ಹುಟ್ಟನ್ನು ಕಿತ್ತುಕೊಂಡು ತಾವೇ ತೆಪ್ಪಕ್ಕಿಳಿದರು. "ನಡುಹೊಳ್ಯಾಗೆ ಇವ್ಳು ತಲೆ ತಿರುಗಿ ಬಿದ್ರೆ ಕೂತ ಜನದ ಗತಿ ಏನ್ರೀ?" ಎನ್ನುತ್ತಾರೆ. "ಮನ್ಯಾಗೆ ಕೂತು ಹುಚ್ಚು ಹಿಡಿಯಂಗಾಗಿತ್ತು," ಎನ್ನುತ್ತಾರೆ ಚೌಡಮ್ಮ.

ಹೊನ್ನಾಳಿಯ ವೈದ್ಯರು ಮಲಗಿಯೇ ಇರಬೇಡಿ, ತಲೆ ಆಡಿಸುವ ಅಭ್ಯಾಸ ಮಾಡಿ ಎಂದರು. ತಲೆ ಬಲಕ್ಕೆ ತಿರುಗಿದಾಗ ಕಣ್ಣು ಅಷ್ಟೇ ಎಡಕ್ಕೆ ಸರಿದು ನೋಟವನ್ನು ನಿಲ್ಲಿಸುತ್ತದೆ. ಕಿವಿ ಸೋತರೆ ಈ ಅಳತೆ ತಪ್ಪುತ್ತದೆ. ಒಂದು ಗುರುತನ್ನೇ ನೋಡುತ್ತ ತಲೆ ಆಡಿಸಿದರೆ ಅದು ಜಾರಿದಂತೆ ಕಾಣುತ್ತದೆ. ಆ ಜಾರಾಟದಿಂದಲೇ ಮೆದುಳು ತಪ್ಪು ಅರಿತು, ದಿನದಿನಕ್ಕೂ ಅಳತೆ ತಿದ್ದಿಕೊಳ್ಳುತ್ತದೆ.

ಚೌಡಮ್ಮ ಗೋಡೆಗೆ ಕುಂಕುಮದ ಬೊಟ್ಟಿಟ್ಟು ಅಭ್ಯಾಸ ಶುರುಮಾಡಿದರು. ಪಕ್ಕದ ಮನೆಯ ಗಾದ್ರಮ್ಮ ಇಣುಕಿದರೆ, ನೆಟ್ಟ ಕಣ್ಣು, ಆಡುವ ತಲೆ, ಎದುರಿಗೆ ಕುಂಕುಮ. ದೇವಿ ಮೈಮೇಲೆ ಬಂದಳೆಂದು ತೆಂಗಿನಕಾಯಿ ತಂದು ಕೈಮುಗಿದರು.

"ತಾಯೀ, ನಮ್ಮೆಮ್ಮೆ ಈ ಸಲ ಹೆಣ್ಣುಗರು ಹಾಕ್ತೈತಾ?"

ತಲೆ ಅಡ್ಡಡ್ಡ ಆಡುತ್ತಲೇ ಇತ್ತು. ಗಾದ್ರಮ್ಮನ ಮುಖ ಬಾಡಿತು.

"ದೇವೀನೂ ಇಲ್ಲ, ಏನೂ ಇಲ್ಲ ಕಣೇ ಗಾದ್ರಿ. ತಲೆ ಆಡ್ಸು ಅಂತ ಡಾಕ್ಟ್ರು ಹೇಳ್ಯಾರೆ."

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ತಿಪ್ಪೇಶಪ್ಪ ಹೆಂಡತಿಯೊಬ್ಬರನ್ನೇ ತೆಪ್ಪದಲ್ಲಿ ಕೂರಿಸಿಕೊಂಡು, ನಡುನೀರಿನಲ್ಲಿ ಬೇಕೆಂದೇ ತೆಪ್ಪವನ್ನು ಹೊರಳಾಡಿಸಿದರು.

"ದಂಡೆ ಬಂಡೆ ಮ್ಯಾಲೆ ಯಾರು ಕೂತಾರೆ, ಹೇಳು."

"ಗಾದ್ರಿ. ಎಲೆಅಡಿಕೆ ಜಗೀತಾಳೆ."

ತಿಪ್ಪೇಶಪ್ಪ ಹುಟ್ಟನ್ನು ಹೆಂಡತಿಯ ಕೈಗಿತ್ತರು.

ಇವತ್ತಿನ ಆರು ಜನರಲ್ಲಿ ಗಾದ್ರಮ್ಮನೂ ಇದ್ದಾರೆ, ಆಚೆ ದಡದ ಮಗಳ ಮನೆಗೆ ಗಿಣ್ಣದ ಪಾತ್ರೆ ಹಿಡಿದು. "ಇಲ್ಲ ಅಂತ ತಲೆ ಆಡಿಸಿದ್ದಿ ಚೌಡಕ್ಕ, ಹೆಣ್ಣುಗರಾನೇ ಆತು ನೋಡು. ಕಾಯಿ ವಾಪಸ್ ಕೊಡು." ತೆಪ್ಪದ ತುಂಬ ನಗು.

ಇನ್ನೇನು ಆಸೆ ಎಂದು ಕೇಳಿದರೆ ಚೌಡಮ್ಮ ಬೇವಿನ ಮರದತ್ತ ನೋಡಿಕೊಂಡೇ ಹೇಳುತ್ತಾರೆ:

"ತೆಪ್ಪ ಎಷ್ಟಾರ ಅಲ್ಲಾಡ್ಲಿ ರೀ. ದಡ ನಿಂತಿದ್ರೆ ಸಾಕು."