ಚಹಾ ಬಗ್ಗಿಸುವ ಪಾಠ

ಆ ಹುಡುಗಿಗೆ ಒಂಬತ್ತು ವರ್ಷ. ಪುಲಿಕೇಶಿನಗರದ ನಮ್ಮ ಥೆರಪಿ ಕೇಂದ್ರಕ್ಕೆ ಅವಳನ್ನು ಅಜ್ಜಿ ಶಿವಾಜಿನಗರದಿಂದ ಆಟೊದಲ್ಲಿ ಕರೆತರುತ್ತಿದ್ದರು. ಕೈಕಾಲಿನಲ್ಲಿ ಬಲವಿತ್ತು, ಬುದ್ಧಿಯೂ ಚುರುಕು. ಆದರೆ ಗುಂಡಿ ಹಾಕು, ಚೆಂಡು ಹಿಡಿ ಎಂದರೆ ಯಾವ ಕೈ ಮೊದಲು, ಎಷ್ಟು ಎತ್ತಬೇಕು ಎಂಬುದೇ ಹೊಳೆಯದೆ ನಿಂತುಬಿಡುತ್ತಿದ್ದಳು. ಅಂಥ ಮಕ್ಕಳಿಗೆ ದಿನನಿತ್ಯದ ಕೆಲಸ ಕಲಿಸುವುದು ನನ್ನ ಉದ್ಯೋಗ.

ತಿಂಗಳುಗಟ್ಟಲೆ ಮಣಿ ಪೋಣಿಸಿದೆವು, ದಿಂಬುಗಳ ಸಾಲು ದಾಟಿದೆವು. ಏನೂ ಪ್ರಯೋಜನವಾಗಲಿಲ್ಲ. ಹೊರಮಾವಿನ ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಲಿಸುತ್ತಿರುವುದೇ ತಪ್ಪೇನೋ? ಕೊನೆಗೆ ಅವಳನ್ನೇ ಕೇಳಿದೆ.

"ನಿಂಗೆ ಏನ್ ಮಾಡೋಕೆ ಆಸೆ?"

"ಚಾಯ್ ಹಾಕ್ಬೇಕು. ಮನೇಗೆ ಯಾರಾದ್ರೂ ಬಂದ್ರೆ ತಂಗಿ ಹಾಕ್ತಾಳೆ. ನಂಗೆ ಬಿಡಲ್ಲ."

ಅಜ್ಜಿ ಗಾಬರಿಯಾದರು. "ಬಿಸಿ ಇರ್ತದೆ ಮೇಡಂ! ಸುಟ್ಕೊಂಡ್ರೆ?"

"ತಣ್ಣೀರಲ್ಲಿ ಶುರು ಮಾಡೋಣ ಅಮ್ಮಾ."

ಅವರ ಮನೆಯ ಕೆಟಲನ್ನೇ ತರಿಸಿದೆ. ಹಿಡಿ, ಬಗ್ಗಿಸು, ನಿಲ್ಲಿಸು ಎಂಬುದನ್ನು ಅವಳು ತನ್ನ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಜೋರಾಗಿ ಹೇಳಿಕೊಳ್ಳುತ್ತಾ ಮಾಡುತ್ತಿದ್ದಳು. ಮೇಜು ತೊಯ್ದಿತು, ನನ್ನ ಚೂಡಿದಾರ ತೊಯ್ದಿತು. ಅವಳ ಮಣಿಕಟ್ಟು ಹಿಡಿದುಬಿಡಲು ನನ್ನ ಕೈ ಚಡಪಡಿಸುತ್ತಿತ್ತು. ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಒಂದು ದಿನ ನೀರು ಲೋಟದೊಳಗೇ ಬಿತ್ತು. ಆಮೇಲೆ ಉಗುರುಬೆಚ್ಚನೆಯ ಚಹಾ. ಅದನ್ನು ಕುಡಿದು ಅಜ್ಜಿ ಅತ್ತರು.

ಮರುವಾರ ಬಂದಾಗ ಅದೇ ಅಜ್ಜಿಯ ಮುಖ ಇಳಿದುಹೋಗಿತ್ತು. ಬೆನ್ಸನ್ ಟೌನಿನ ಸೋದರತ್ತೆಯ ಮನೆಯಲ್ಲಿ ಚಹಾ ಹಾಕುತ್ತೇನೆಂದು ಎದ್ದ ಹುಡುಗಿ, ಕೆಟಲಿನ ಮುಂದೆ ಸುಮ್ಮನೆ ನಿಂತಳಂತೆ.

"ಎಲ್ಲಾ ಮರ್ತ್‌ಬಿಟ್ಟಿದಾಳೆ ಮೇಡಂ."

"ಮರ್ತಿಲ್ಲ. ಅಲ್ಲಿನ ಕೆಟಲ್ ಬೇರೆ, ಅಲ್ವಾ? ಅವಳ ಕೈಗೆ ಅದು ಹೊಸ ಕೆಲಸಾನೇ."

ಧೈರ್ಯವಾಗಿ ಹೇಳಿದೆನಾದರೂ ಒಳಗೆ ಅಳುಕು. ಎಷ್ಟು ಮನೆಗಳು, ಎಷ್ಟು ಬಗೆಯ ಪಾತ್ರೆಗಳು! ಎದ್ದು ಹೋಗಿ ಕೇಂದ್ರದಲ್ಲಿದ್ದ ಜಗ್ಗು, ಚೊಂಬು, ಫ್ಲಾಸ್ಕುಗಳನ್ನೆಲ್ಲ ತಂದು, ನೀರು ತುಂಬಿಸಿ ಅವಳ ಮುಂದಿಟ್ಟೆ. ಹುಡುಗಿ ಜಗ್ಗಿನತ್ತ ಕೈ ಚಾಚಿದಳು, ಹಿಂತೆಗೆದಳು.

"ಇದನ್ನ ಎಲ್ಲಿ ಹಿಡೀಬೇಕು?"

ಅಲ್ಲಿಯವರೆಗೆ ಗೊತ್ತಾಗದಿದ್ದರೆ ನಿಂತುಬಿಡುತ್ತಿದ್ದಳೇ ಹೊರತು, ಅವಳು ಯಾವತ್ತೂ ಹಾಗೆ ಕೇಳಿರಲಿಲ್ಲ.

"ನೀನೇ ನೋಡಿ ಹೇಳು," ಎಂದೆ. ಜಗ್ಗನ್ನು ಸುತ್ತ ತಿರುಗಿಸಿ ನೋಡಿ, ಅದರ ಹಿಡಿಯೊಳಗೆ ಬೆರಳು ತೂರಿಸಿದಳು. ಲೋಟಕ್ಕೆ ಬಗ್ಗಿಸಿದಾಗ ಅರ್ಧ ನೀರು ಹೊರಗೆ ಚೆಲ್ಲಿತು.

ಈಗ ಅತ್ತೆಯ ಮನೆಯಲ್ಲೂ ಚಹಾ ಹಾಕುತ್ತಾಳೆ. ಹೊಸ ಪಾತ್ರೆ ಕಂಡರೆ ಇನ್ನೂ ತಡವಾಗುತ್ತದೆ. ಅಷ್ಟು ಹೊತ್ತೂ ಅಜ್ಜಿ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರಂತೆ.