ಪ್ಲಗ್ ವೈರಿಗೆ ಇಟ್ಟ ಕುಂಕುಮ

ಹೋದ ವಾರ ತೀರ್ಥಹಳ್ಳಿಯಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸಿ ಹಿಂದೆ ಬಂದು ನಿಂತಾಗ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ದಿನವಷ್ಟೇ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿದ್ದೆ. ಅಲ್ಲಿಯವರೆಗೆ ನೆಟ್ಟಗೆ ಓಡುತ್ತಿದ್ದ ನನ್ನ ಹಳೇ ಕಾರು ಹೊಸ ಪ್ಲಗ್ ಬಿದ್ದಮೇಲೆ ಏರು ಕಂಡರೆ ಎಳೆಯುತ್ತಿರಲಿಲ್ಲ, ನಿಂತಲ್ಲಿ ಗಡಗಡ ನಡುಗುತ್ತಿತ್ತು. ಇಂಜಿನ್ನಿನೊಳಗೆ ಸುಡದೆ ಹಾಗೇ ಹೊರಬಂದ ಪೆಟ್ರೋಲಿನ ಆ ವಾಸನೆಗೆ, ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಅವಳು ಆ ಮನೆಯ ಸೊಸೆ. ತವರು ಮಾಸ್ತಿಕಟ್ಟೆ. ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ನಮ್ಮ ಕೇರಿಗೆಲ್ಲ ಕಾರು ಇದ್ದದ್ದು ಅವನೊಬ್ಬನ ಬಳಿ. ಅದೂ ಹಳೆಯದು, ಯಾರೋ ಓಡಿಸಿ ಬಿಟ್ಟದ್ದು. ಆದರೆ ಅವನು ಅದರ ಬಾಗಿಲು ಹಾಕುವ ಗತ್ತು ನೋಡಬೇಕಿತ್ತು. ಪ್ರತಿ ಆಯುಧಪೂಜೆಗೆ ಪ್ಲಗ್ ಬದಲಿಸುವುದು ಅವನ ವ್ರತ. ಮೆಕ್ಯಾನಿಕ್ ಕೈಗೆ ಕೊಡುವುದು ಅವಮಾನ, ತಾನೇ ಬಿಚ್ಚಬೇಕು, ಕೇರಿಯ ಹುಡುಗರಾದ ನಾವೆಲ್ಲ ನಿಂತು ನೋಡಬೇಕು.

ಆ ವರ್ಷ ಅಕ್ಕನ ಅಪ್ಪ ಹಾಸಿಗೆ ಹಿಡಿದಿದ್ದರು. ವಿಜಯದಶಮಿಯ ದಿನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ಭಾವ ಮಾತು ಕೊಟ್ಟಿದ್ದ. ಅಕ್ಕ ಒಂದು ಚೀಲಕ್ಕೆ ಸೀರೆ ತುಂಬಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದಳು.

ಆಯಾ ಪ್ಲಗ್ಗಿನ ವೈರು ಆಯಾ ಪ್ಲಗ್ಗಿಗೇ ಹೋಗಬೇಕು, ಅದಲುಬದಲಾದರೆ ಇಂಜಿನ್ ಸರಿಯಾಗಿ ಓಡದು. ವೈರುಗಳನ್ನು ಒಂದೊಂದಾಗಿ ತೆಗೆದು, ಹೊಸ ಪ್ಲಗ್ ಕೂರಿಸಿ, ಅದೇ ವೈರನ್ನು ಅಲ್ಲೇ ಸಿಕ್ಕಿಸಿಬಿಟ್ಟರೆ ಯಾವ ಗೋಳೂ ಇಲ್ಲ. ಭಾವನದು ಬೇರೆ ದಾರಿ. ಅಕ್ಕನಿಂದ ಕುಂಕುಮ ಕಲಸಿ ತರಿಸಿ, ಮೊದಲ ವೈರಿಗೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಗುರುತಿಟ್ಟು ನಾಲ್ಕನ್ನೂ ಒಟ್ಟಿಗೆ ಕಿತ್ತ. ಪ್ಲಗ್ ಬಿಗಿ ಮಾಡಿ ಕೈ ತೊಳೆಯಲು ಹೋದ. ಆಗ ಅವನ ಅಮ್ಮ ಪೂಜೆಯ ತಟ್ಟೆ ಹಿಡಿದು ಬಂದರು. ಇಂಜಿನ್ನೂ ದೇವರೇ ತಾನೆ? ಕಂಡಕಂಡಲ್ಲಿ ಅರಿಶಿನ ಬಳಿದು ಕುಂಕುಮ ಹಚ್ಚಿದರು, ಜೋತುಬಿದ್ದ ನಾಲ್ಕು ವೈರಿಗೂ ಧಾರಾಳವಾಗಿ. ಭಾವ ಬಂದು ನೋಡಿದಾಗ ಗುರುತೆಲ್ಲ ಪ್ರಸಾದವಾಗಿತ್ತು. ತಾಯಿಗೆ ಏನೂ ಅನ್ನಲಿಲ್ಲ. ನಾವು ನೋಡುತ್ತಿದ್ದೆವಲ್ಲ, ಗೊತ್ತಿಲ್ಲ ಎನ್ನಲೂ ಆಗದೆ ಅಂದಾಜಿಗೆ ಸಿಕ್ಕಿಸಿ ಬಾನೆಟ್ ಮುಚ್ಚಿದ.

ಆ ಸಂಜೆ ಅಕ್ಕ ಮುಟ್ಟಾದಳು.

ಮರುದಿನ ಬೆಳಿಗ್ಗೆ ಕಾರು ಢಬ್ ಢಬ್ ಎಂದು ಕೆಮ್ಮಿ, ಗೇಟಿನ ಎದುರಿನ ಏರಿನಲ್ಲೇ ನಿಂತುಬಿಟ್ಟಿತು. ಅವಳ ಅತ್ತೆಗೆ ಲೆಕ್ಕ ಕೂಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕುಂಕುಮ ಕಲಸಿ ಕೊಟ್ಟವಳು ಯಾರು? ಮೈಲಿಗೆ ಕೈಯಲ್ಲಿ ಮುಟ್ಟಿದರೆ ಆಯುಧ ಮುನಿಯದೆ ಇರುತ್ತದೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲಾರದವನಿಗೆ ನೆಲವನ್ನು ಅವನಮ್ಮನೇ ತೋರಿಸಿಕೊಟ್ಟರು. ಅವನೂ ಹೌದೆಂದು ತಲೆಯಾಡಿಸಿದ.

ಅಕ್ಕನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿದರು. ಆ ದಿನಗಳು ಕಳೆದು ಮಿಂದು ಒಳಗೆ ಬಂದಮೇಲೂ ತವರಿಗೆ ಕಳಿಸಲಿಲ್ಲ. ಬಸ್ಸಿಗೆ ಹೋಗುತ್ತೇನೆಂದು ಅವಳು ಕೇಳಿಕೊಂಡಳಂತೆ. ಕಾರಿರುವ ಮನೆಯ ಸೊಸೆ ಬಸ್ಸಿನಲ್ಲಿ ಹೋದರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂದನಂತೆ ಭಾವ. ಅಷ್ಟು ದಿನವೂ ಕಾರಿಗೆ ಅವನ ಚಿಕಿತ್ಸೆ ನಡೆದೇ ಇತ್ತು. ಕಾರ್ಬೊರೇಟರ್ ಬಿಚ್ಚಿ ಊದಿದ, ಪೆಟ್ರೋಲ್ ಚೆಲ್ಲಿ ಬೇರೆ ತುಂಬಿದ, ಬಂಪರಿಗೆ ನಿಂಬೆಹಣ್ಣು ಕಟ್ಟಿದ. ವೈರಿನ ಕಡೆ ಮಾತ್ರ ಕೈ ಹಾಕಲಿಲ್ಲ. ಕೊನೆಗೆ ಸಾಗರದ ಗ್ಯಾರೇಜಿಗೆ ಹೊರಟಾಗ ಏರಿನಲ್ಲಿ ತಳ್ಳಲು ಒಬ್ಬ ಬೇಕೆಂದು ನನ್ನನ್ನು ಕರೆದ.

ಮೆಕ್ಯಾನಿಕ್ ಇಂಜಿನ್ ಚಾಲೂ ಇಟ್ಟು ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಮೊದಲನೆಯದನ್ನು ಎಳೆದರೆ ಇಂಜಿನ್ ಸಾಯುವಂತಾಯಿತು. ಎರಡನೆಯದನ್ನು ಎಳೆದರೆ ಏನೂ ವ್ಯತ್ಯಾಸವಿಲ್ಲ, ಮೂರನೆಯದಕ್ಕೂ ಇಲ್ಲ. ಅವೆರಡನ್ನೂ ಅದಲುಬದಲು ಮಾಡಿ ಸಿಕ್ಕಿಸಿದ. ನಡುಕ ನಿಂತು ಇಂಜಿನ್ ಹದಕ್ಕೆ ಬಂತು.

"ದೊಡ್ಡದೆಂತ ಇಲ್ಲ ಮಾರಾಯ್ರೆ, ವೈರು ಹೆಚ್ಚುಕಮ್ಮಿ ಆಗಿತ್ತು," ಎಂದ.

ಭಾವ ನಗಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಒಂದು ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆಸಿ, ಹೂವು ತಂದು ಕಾರಿಗೆ ಸಿಕ್ಕಿಸಿದ. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ಸೇರಿದ್ದರು. ಅಕ್ಕನ ಅಪ್ಪ ಬೆಳಿಗ್ಗೆ ತೀರಿಕೊಂಡರೆಂದು ಫೋನು ಬಂದಿತ್ತಂತೆ. ಅವಳು ಅಳುತ್ತಿರಲಿಲ್ಲ. ಆ ಚೀಲ ಹಿಡಿದು ತುಳಸಿಕಟ್ಟೆಯ ಹತ್ತಿರ ನಿಂತಿದ್ದಳು. ಭಾವ ಎಲ್ಲರಿಗೂ ಕೇಳುವಂತೆ, ದೇವರಿಗೆ ಕಾಯಿ ಒಡೆಸಿದ ಮೇಲೆ ಗಾಡಿ ಸರಿಹೋಯಿತು ಎಂದ. ವೈರು ಅದಲುಬದಲಾಗಿತ್ತು, ಕುಂಕುಮ ಬಳಿದು ಗುರುತು ಅಳಿಸಿದವರು ಭಾವನ ಅಮ್ಮ, ಅಕ್ಕನ ತಪ್ಪು ಎಂಥದೂ ಇಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ಅವಳ ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

"ಹೌದನಾ, ವೈರೇ ಇರ್ಲಿ. ಇಷ್ಟು ವರ್ಷ ಆಗದ್ದು ಈ ಸಲವೇ ಎಂತಕ್ಕೆ ಅದಲುಬದಲಾತು? ಅದನ್ನ ಹೇಳು."

ಅಂಥ ಪ್ರಶ್ನೆಗೆ ಯಾವ ಮೆಕ್ಯಾನಿಕ್ ಉತ್ತರ ಕೊಟ್ಟಾನು?

ಭಾವ ಕಾರಿನ ಬಾಗಿಲು ತೆಗೆದು ಹಿಡಿದ.

"ನಾನು ಬಸ್ಸಿಗೆ ಹೋಗ್ತೀನಿ," ಎಂದಳು ಅಕ್ಕ.

ಈ ಸಲ ನಾಲ್ಕು ಜನರ ನೆನಪು ಯಾರಿಗೂ ಆಗಲಿಲ್ಲ. ನಾನೇ ಬಸ್ ಸ್ಟ್ಯಾಂಡಿನವರೆಗೆ ಚೀಲ ಹಿಡಿದು ನಡೆದೆ. ದಾರಿಯಲ್ಲಿ ಅವಳು ಕೇಳಿದ್ದು ಒಂದೇ, ಸಾಗರಕ್ಕೆ ಹೋಗುವಾಗ ಕಾರು ಎಲ್ಲಾದರೂ ನಿಂತಿತಾ ಎಂದು. ಏರಿನಲ್ಲಿ ತಳ್ಳಿದೆ, ಆದರೂ ಹೋಗಿ ಮುಟ್ಟಿತು ಎಂದೆ. ಸಾಗರದವರೆಗೆ ಕುಂಟಿಕೊಂಡು ಹೋದ ಕಾರು ಮಾಸ್ತಿಕಟ್ಟೆಗೂ ಹೋಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಅವಳು ತಲುಪುವಷ್ಟರಲ್ಲಿ ಚಿತೆಗೆ ಬೆಂಕಿ ಕೊಟ್ಟಾಗಿತ್ತಂತೆ.

ಆ ಕಾರು ಮಾರಾಟವಾಗುವವರೆಗೂ ಅವಳು ಮತ್ತೆ ಅದರೊಳಗೆ ಕೂರಲಿಲ್ಲ. ಹೋದ ವರ್ಷ ಅಕ್ಕ ತೀರಿಕೊಂಡಳು. ವೈಕುಂಠ ಸಮಾರಾಧನೆಯ ಊಟಕ್ಕೆ ಹೋಗಿದ್ದೆ. ಅವಳ ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ, ಕಿವಿ ಮಾತ್ರ ಮಂದ. ಪಂಕ್ತಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಯಾರಿಗೋ ಸೊಸೆಯ ಗುಣಗಾನ ಮಾಡುತ್ತಿದ್ದರು. ಒಳ್ಳೆಯವಳೇ, ಆದರೆ ಕೈಗುಣ ಸಾಲದು, ಒಮ್ಮೆ ಅವಳು ಮುಟ್ಟಿದ್ದಕ್ಕೆ ಕಾರೇ ನಿಂತುಹೋಗಿತ್ತು... ಭಾವ ಅಲ್ಲೇ ಹೋಳಿಗೆ ಬಡಿಸುತ್ತಿದ್ದ. ಅವನ ಕಿವಿ ಚೆನ್ನಾಗಿಯೇ ಇದೆ. ನಾನು ಎಲೆ ಬಿಟ್ಟು ಎದ್ದು ಬಂದೆ.

ತೀರ್ಥಹಳ್ಳಿಯ ಮೆಕ್ಯಾನಿಕ್ಕೂ ಹಾಗೇ ಒಂದೊಂದು ವೈರು ಎಳೆದು ನೋಡಿ, ಪ್ಲಗ್ಗಿನ ಮೇಲೆ ಸರಿಯಾಗಿ ಕೂರದಿದ್ದ ವೈರಿನ ಒಂದು ಕ್ಯಾಪನ್ನು ಒತ್ತಿ ಕೂರಿಸಿದ. ನಡುಕ ನಿಂತಿತು. ದೊಡ್ಡದೇನಿಲ್ಲ ಸಾರ್ ಎಂದು ಅವನೂ ಅಂದ. ಹೌದು ಎಂದು ತಲೆಯಾಡಿಸಲು ನನ್ನಿಂದ ಆಗಲಿಲ್ಲ.