ಕೂಲರಿನ ಸದ್ದು ನನಗೆ ಗೊತ್ತಿತ್ತು

ಮಾಲತಿ, ನಿನಗೆ ಕೇಳಿಸುತ್ತಿದ್ದ ಸದ್ದು ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರಿಗೆ ಹೇಳಲಿಲ್ಲ. ಸುತ್ತಿಬಳಸಿ ಮಾತಾಡಿದರೆ ನಿನಗಾಗುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಉಳಿದದ್ದು ಅದು ಹೇಗಾಯಿತು ಎಂಬುದಷ್ಟೇ — ಯಾಕಾಯಿತು ಎಂಬುದಕ್ಕೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ.

ಎಂಬತ್ತರ ದಶಕದ ಒಂದು ಮೇ ತಿಂಗಳು. ನಿನಗಾಗ ಹದಿಮೂರು. ನಿಮ್ಮಪ್ಪ ಫೌಜಿನಲ್ಲಿದ್ದರು, ಮನೆ ನಾಗಪುರದ ಪಕ್ಕದ ಕಾಮಠಿಯಲ್ಲಿತ್ತು. ಹುಡುಗಿಯ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಬರೆಸಿಕೊಂಡು ಬಂದರೆ ಮಾತ್ರ ಜೂನ್‌ನಲ್ಲಿ ಒಳಗೆ ಬಿಡುತ್ತೇವೆ ಎಂದು ಶಾಲೆಯವರು ಹೇಳಿದ್ದರಂತೆ. ನಿಮ್ಮವ್ವ ನಿನ್ನನ್ನು ಬಸ್ಸು ಹತ್ತಿಸಿಕೊಂಡು ನಾಗಪುರಕ್ಕೆ, ನಾನಿದ್ದ ಮನೋವೈದ್ಯರ ಕ್ಲಿನಿಕ್ಕಿಗೆ ಬಂದಳು. ನಾನಲ್ಲಿ ಹೆಸರು ಬರೆದುಕೊಳ್ಳುವವಳು. ಕನ್ನಡದವರು ಬಂದರೆ ಡಾಕ್ಟರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ಉತ್ತರವನ್ನು ಹಿಂದಿಯಲ್ಲಿ ಒಪ್ಪಿಸುವುದೂ ನನ್ನ ಕೆಲಸವೇ. ಹಿಂದಿ ನಿನಗೂ ಬರುತ್ತಿತ್ತು. ಆದರೆ ಹೊಸಬರೆದುರು ನಿನ್ನ ಬಾಯಿಂದ ಮನೆಯ ಮಾತಲ್ಲದೆ ಬೇರೆ ಹೊರಡುತ್ತಿರಲಿಲ್ಲ.

ಸರದಿ ಬರುವವರೆಗೆ ನೀನು ಹೊರಗಿನ ಬೆಂಚಿನ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದೆ. ಯಾಕವ್ವಾ ಎಂದು ನಾನು ಕೇಳಿದೆ.

“ಕೂಲರ್‌ನ್ಯಾಗ ನೀರು ಮುಗಿಯಾಕತ್ತೈತ್ರಿ. ಪಂಪು ಚೀರಾಕತ್ತೈತಿ.”

ನಾನು ಕಿವಿಗೊಟ್ಟು ಕೇಳಿದೆ. ಫ್ಯಾನಿನ ಗದ್ದಲ ಬಿಟ್ಟರೆ ಏನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಕೂಲರು ಬಿಸಿಗಾಳಿ ಊದತೊಡಗಿತು. ಬಕೆಟ್ ತಂದು ನೀರು ಸುರಿದವಳು ನಾನೇ. ನೀನು ಕಿವಿಯಿಂದ ಕೈ ತೆಗೆದು ನಕ್ಕೆ. ಟ್ಯೂಬ್‌ಲೈಟು ಗುಂಯ್ ಅನ್ನುವುದೂ, ಮನೆಯಲ್ಲಿ ಮಲಗಿದರೆ ಕನ್ಹಾನ್ ಹೊಳೆಯ ಸೇತುವೆಯ ಮೇಲೆ ರೈಲು ಬರುವುದೂ ನಿನಗೆ ಕೇಳಿಸುತ್ತದೆ ಎಂದು ನೀನಾಗಿಯೇ ಹೇಳಿದೆ. ಎಂಥ ಮುದ್ದಾಗಿತ್ತು ಆ ನಗು — ನನಗೆ ನೀನು ಆಗಲೇ ಇಷ್ಟವಾಗಿಬಿಟ್ಟಿದ್ದೆ.

ಒಳಗೆ ಡಾಕ್ಟರ ಮುಂದೆ ಅಚ್ಚು ಹಾಕಿದ ಪ್ರಶ್ನೆಗಳ ಹಾಳೆ, ಪ್ರತಿ ಪ್ರಶ್ನೆಯ ಮುಂದೆ ಎರಡೇ ಮನೆ, ಹೌದು ಮತ್ತು ಇಲ್ಲ. ನಾನು ಪ್ರಶ್ನೆಯನ್ನು ಇದ್ದಂತೆಯೇ ಕೇಳಬೇಕು, ಬಿಡಿಸಿ ಹೇಳಕೂಡದು, ಉತ್ತರಕ್ಕೆ ನನ್ನದೊಂದು ಮಾತು ಸೇರಿಸಕೂಡದು. ಹಿಂದಿನ ವಾರವಷ್ಟೇ ಒಬ್ಬ ಅಜ್ಜಿಯ ಉತ್ತರವನ್ನು ವಿವರಿಸಲು ಹೋಗಿ ಎಲ್ಲರೆದುರು ಉಗಿಸಿಕೊಂಡಿದ್ದೆ.

ಮೊದಮೊದಲು ನನಗೆ ನಗುವೇ ಬರುತ್ತಿತ್ತು. ನಿನಗೆ ಗೆಳತಿಯರಿದ್ದಾರೆಯೇ ಎಂದರೆ “ಈ ಖೋಲಿಯಾಗೇನ್ರಿ?” ಎಂದು ನೀನು ಸುತ್ತ ನೋಡಿದೆ. ಬೆಳಿಗ್ಗೆ ಏಳಲು ಬೇಸರವೇ ಎಂದರೆ “ಯಾವತ್ತು?” ಎಂದೆ. ಪ್ರಶ್ನೆ ಪೂರಾ ಇರದಿದ್ದರೆ ಪೂರಾ ಮಾಡಿ ಕೊಡಿ ಎನ್ನುತ್ತಿದ್ದೆ, ಅಷ್ಟೇ. ಡಾಕ್ಟರು ತಲೆ ಎತ್ತದೆ “ಹಾಂ ಯಾ ನಹೀಂ? ಬಸ್ ಇತನಾ ಪೂಛೋ” ಎಂದರು. ನಾನು ನಿನ್ನ ಮೊಣಕೈ ಮುಟ್ಟಿ, ಹೌದು ಅಥವಾ ಇಲ್ಲ ಅಂತಷ್ಟೇ ಹೇಳವ್ವ ಎಂದೆ. ನೀನು ಕಲಿತುಕೊಂಡೆ, ಬೇಗನೇ ಕಲಿತೆ.

ಆಮೇಲೆ ಆ ಪ್ರಶ್ನೆ ಬಂತು. ಬೇರೆಯವರಿಗೆ ಕೇಳಿಸದ ಸದ್ದುಗಳು ನಿನಗೆ ಕೇಳಿಸುತ್ತವೆಯೇ?

“ಹೌದ್ರಿ.”

ಡಾಕ್ಟರು ಮೊದಲ ಸಲ ತಲೆ ಎತ್ತಿದರು. ಈಗಲೂ ಕೇಳಿಸುತ್ತವೆಯೇ ಎಂದು ನನ್ನಿಂದ ಕೇಳಿಸಿದರು. ನೀನು ಹೌದು ಎಂದೆ. ದಿನಾಲೂ? ಹೌದು. ಯಾವ ಸದ್ದು ಎಂದು ಅವರು ಕೇಳಲಿಲ್ಲ, ಕೇಳಲು ಹಾಳೆಯಲ್ಲಿ ಜಾಗವಿರಲಿಲ್ಲ. ಆ ಪ್ರಶ್ನೆ ಇಟ್ಟದ್ದು ಎದುರಿಗಿಲ್ಲದವರ ದನಿ ಕೇಳುವ ರೋಗಿಗಳನ್ನು ಹುಡುಕಲೆಂದು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಎರಡೂ ಗೊತ್ತಿದ್ದವಳು ನಾನೊಬ್ಬಳೇ — ಪ್ರಶ್ನೆ ಏನು ಕೇಳುತ್ತಿದೆ, ನೀನು ಏನು ಹೇಳುತ್ತಿದ್ದೀಯ, ಎರಡೂ. “ಸಾಬ್, ಅವಳು ಕೂಲರಿನ ಸದ್ದು ಹೇಳುತ್ತಿದ್ದಾಳೆ” — ಇಷ್ಟು ಸಾಕಿತ್ತು. ಬಾಯಿಯವರೆಗೂ ಬಂದಿತ್ತು. ನನ್ನ ಕೆಲಸ ಕಾಯಂ ಆಗಲು ಇನ್ನೆರಡು ತಿಂಗಳಿತ್ತು, ಮತ್ತೆ ಉಗಿಸಿಕೊಳ್ಳುವ ಹೆದರಿಕೆ — ನಾನು “ಹಾಂ” ಎಂದೆ. ಉತ್ತರ ತಿಳಿಸಿದವಳೆಂದು ಹಾಳೆಯ ಕೆಳಗೆ ಸಹಿ ಹಾಕಿದೆ.

ಹೊರಗೆ ನಿಮ್ಮವ್ವ ಡಾಕ್ಟರು ಬರೆದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

“ಬಾಯೀ, ಏನ್ ಬರದಾರ್ರಿ ಇದರಾಗ?”

“ಕಾಳಜಿ ಮಾಡಬ್ಯಾಡ್ರಿ. ಗುಳಿಗಿ ಬರೋಬರ್ ಕೊಡ್ರಿ, ಎಲ್ಲಾ ಚಲೋ ಆಗತೈತಿ.”

ಹಾಗೆಂದೆ ನಾನು. ಅವಳು ನನ್ನ ಕೈ ಹಿಡಿದುಕೊಂಡಳು.

ಆರು ವಾರದ ಮೇಲೆ ಮತ್ತೆ ಬಂದಿರಿ. ಮಳೆ ಇನ್ನೂ ಹಿಡಿದಿರಲಿಲ್ಲ. ಶಾಲೆ ನಿನ್ನನ್ನು ಬಿಟ್ಟೇ ಶುರುವಾಗಿತ್ತು. ನಿನ್ನ ನಾಲಿಗೆ ತೊದಲುತ್ತಿತ್ತು, ಬೆರಳು ನಡುಗುತ್ತಿದ್ದವು, ಕುಳಿತಲ್ಲೇ ತೂಕಡಿಸುತ್ತಿದ್ದೆ. ಡಾಕ್ಟರು ಅದೇ ಪ್ರಶ್ನೆ ಕೇಳಿಸಿದರು. ನೀನು “ಇಲ್ರಿ” ಎಂದೆ. ಅವರಿಗೆ ಖುಷಿಯಾಯಿತು, ಗುಣ ಕಾಣುತ್ತಿದೆ ಎಂದು ಬರೆದರು. ಹೊರಗೆ ಬಂದ ಮೇಲೆ ನಾನು ಮೆಲ್ಲಗೆ ಕೇಳಿದೆ, ಕೂಲರಿನ ಸದ್ದು ನಿಜವಾಗಿಯೂ ಕೇಳುತ್ತಿಲ್ಲವೇ ಎಂದು.

“ಕೇಳತೈತ್ರಿ. ಹೌದಂದ್ರ ಅವ್ವ ಅಳತಾಳ. ಅದಕ್ಕ ಇಲ್ಲಂದ್ನಿ.”

ಸುಳ್ಳು ಹೇಳಲು ಬಾರದ ಹುಡುಗಿ ನೀನು. ನಾವು ಕಲಿಸಿದೆವು — ಅಲ್ಲ, ‘ನಾವು’ ಎಂದು ಡಾಕ್ಟರನ್ನು ಜೊತೆಗೆಳೆದುಕೊಳ್ಳುವುದು ಬೇಡ. ಕಲಿಸಿದವಳು ನಾನು. ಡಾಕ್ಟರ ಬಾಗಿಲು ಮೂರೇ ಹೆಜ್ಜೆ ದೂರದಲ್ಲಿ ತೆರೆದಿತ್ತು. ನಾನು ಬಕೆಟ್ ಎತ್ತಿಕೊಂಡು ಕೂಲರಿಗೆ ನೀರು ತುಂಬಿಸಲು ಹೋದೆ.

ಚಳಿಗಾಲಕ್ಕೆ ಮೊದಲೇ ನಿಮ್ಮಪ್ಪನಿಗೆ ವರ್ಗವಾಯಿತು. ನನ್ನ ಕೆಲಸ ಕಾಯಂ ಆಯಿತು. ಆಟಿಸಂ ಎಂಬ ಮಾತು ನಮ್ಮ ಕ್ಲಿನಿಕ್ಕಿನಲ್ಲಿ ಆಗ ಯಾರ ಬಾಯಲ್ಲೂ ಇರಲಿಲ್ಲ, ಅದು ಬರಲು ವರ್ಷಗಳೇ ಹಿಡಿದವು. ಆ ಮಾತು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕೂಲರು ಗೊತ್ತಿತ್ತಲ್ಲ, ಮಾಲತಿ!

ಹೋದ ತಿಂಗಳು ನಿನ್ನ ತಮ್ಮ ಹೇಗೋ ನನ್ನ ನಂಬರು ಹುಡುಕಿ ಫೋನ್ ಮಾಡಿದ. ನಿಮ್ಮವ್ವ ತೀರಿಕೊಂಡಳೆಂದೂ, ನೀನು ಇವತ್ತಿಗೂ ಆ ಜಾತಿಯ ಗುಳಿಗೆಗಳ ಮೇಲೇ ಇದ್ದೀಯೆಂದೂ ಹೇಳಿದ. ಬೆಳಗಾವಿಯ ಹೊಸ ಡಾಕ್ಟರಮ್ಮ ನಿನ್ನದು ಆಟಿಸಂ ಇರಬಹುದು, ಆದರೆ ನಿಮ್ಮವ್ವ ಕಾದಿಟ್ಟಿದ್ದ ಹಳೆಯ ಹಾಳೆಯಲ್ಲಿ ಸದ್ದಿನ ವಿಷಯಕ್ಕೆ ಹೌದು ಎಂದಿದೆಯಲ್ಲ ಎಂದು ತಡೆದು ನಿಂತಿದ್ದಾರಂತೆ. ಕೆಳಗಿನ ಸಹಿ ಯಾರದೆಂದು ಕೇಳಿದರಂತೆ.

ಸಹಿ ನನ್ನದು. ನಡೆದದ್ದನ್ನೆಲ್ಲ ಅವರಿಗೂ ಬರೆದು ಕಳಿಸಿದ್ದೇನೆ. ಮುಂದಿನ ಸೋಮವಾರ ನೀನು ಅವರಲ್ಲಿಗೆ ಹೋಗುತ್ತೀಯಂತೆ. ಅದೇ ಪ್ರಶ್ನೆ ಬಂದರೆ ಹೌದು ಎನ್ನು, ಅಳಲು ಈಗ ಅವ್ವ ಇಲ್ಲ. ಆಮೇಲೆ ಟ್ಯೂಬ್‌ಲೈಟು, ಪಂಪು, ರೈಲು, ಎಲ್ಲವನ್ನೂ ಹೇಳು, ಎಷ್ಟು ಹೊತ್ತಾದರೂ ಆಗಲಿ.

ನಾನೂ ಬರಬೇಕೆಂದಿದ್ದೇನೆ, ಟಿಕೆಟ್ ತೆಗೆಸಿದ್ದೇನೆ. ಕ್ಷಮಿಸು ಎಂದು ಕೇಳಲು ಅಲ್ಲ, ಅವರು ಯಾವ ಸದ್ದು ಎಂದು ಕೇಳದಿದ್ದರೆ ಈ ಸಲ ಬಾಯಿ ಬಿಡಲು. ಬರಲೇ? ಬೇಡ ಎಂದರೆ ಬರುವುದಿಲ್ಲ. ನೀನು ಏನಂದರೂ, ಅಂದದ್ದಷ್ಟೇ ಅದರ ಅರ್ಥ ಎಂದು ತಿಳಿಯುತ್ತೇನೆ.